ಮುಂದೆ ನಡೆಯುವವನ ಧರ್ಮ



ಮಲೆನಾಡಿನ ಬೆಟ್ಟದ ಸನ್ನಿಧಿಗಳಿಗೆ ಹತ್ತಿ ಬರುವ ಜನರನ್ನು ಒಂದು ಗಳಿಗೆ ನಿಂತು ನೋಡಿದರೆ ಸಾಕು, ಮುಂದಾಳು ಎಂದರೆ ಯಾರು ಎಂಬುದು ಅರ್ಧ ತಿಳಿದುಹೋಗುತ್ತದೆ. ಪ್ರತಿಯೊಂದು ಸಂಸಾರದಲ್ಲೂ ಒಬ್ಬ ಯಜಮಾನರು ಇರುತ್ತಾರೆ. ಕೆಲವರು ಸರಸರ ಮೆಟ್ಟಿಲು ಹತ್ತಿ ಮೇಲೆ ನಿಂತು, "ಇನ್ನೂ ಎಷ್ಟು ಹೊತ್ತು ಮಾರಾಯ್ರೆ? ಮಂಗಳಾರತಿ ಮುಗಿದುಹೋಗುತ್ತೆ, ಬೇಗ ಬನ್ನಿ" ಅಂತ ಕೆಳಗಿನವರನ್ನು ಗದರಿಸುತ್ತಾರೆ. ಇನ್ನು ಕೆಲವರು ಅಜ್ಜಿಯ ಕೈ ಹಿಡಿದು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಎಲ್ಲರಿಗಿಂತ ಹಿಂದೆ ಬರುತ್ತಾರೆ. ಇಬ್ಬರೂ ಯಜಮಾನರೇ. ಆದರೆ ಕಾಲು ಜಾರಿದಾಗ ಅಜ್ಜಿಯ ಬಾಯಲ್ಲಿ ಬರುವ ಹೆಸರು ಯಾರದು? ಹಿಂದೆ ಬರುತ್ತಿರುವವರದು ಅಲ್ವೇ?

ದೇವರ ಮುಂದೆ ನಿಂತು ಜನರು ಕೇಳಿಕೊಳ್ಳುವ ವರಗಳಲ್ಲಿ ಹುದ್ದೆಯೂ ಒಂದು. ಸೊಸೈಟಿಯ ಅಧ್ಯಕ್ಷತೆ ಸಿಗಲಿ, ಪಂಚಾಯ್ತಿ ಚುನಾವಣೆಯಲ್ಲಿ ಗೆಲುವಾಗಲಿ, ಆಫೀಸಿನಲ್ಲಿ ಬಡ್ತಿ ಬರಲಿ, ಮಗ ದೊಡ್ಡ ಅಧಿಕಾರಿಯಾಗಲಿ ಅಂತ ಹರಕೆ ಹೊರುತ್ತಾರೆ. ಇದರಲ್ಲಿ ತಪ್ಪೇನಿಲ್ಲ. ಆದರೆ ಹುದ್ದೆ ಬಂದ ಮೇಲೆ ಏನು ಮಾಡಬೇಕು ಎಂಬುದನ್ನು ದೇವರ ಹತ್ತಿರ ಕೇಳಿಕೊಳ್ಳುವವರು ಕಡಿಮೆ. ನಮ್ಮ ಪುರಾಣ ಶಾಸ್ತ್ರಗಳು ಮಾತ್ರ ಆ ಎರಡನೆಯ ಪ್ರಶ್ನೆಗೇ ಹೆಚ್ಚು ಜಾಗ ಕೊಟ್ಟಿವೆ. ದೈವ ಮೆಚ್ಚುವ ಮುಂದಾಳು ಯಾರು? ಅವನ ಲಕ್ಷಣ ಏನು? ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ನೆಲದಲ್ಲೇ ಅದಕ್ಕೆ ಬೇಕಾದ ಪಾಠಗಳು ಸಿಗುತ್ತವೆ.

ಒಬ್ಬನ ತಪ್ಪು, ಊರಿಗೆಲ್ಲ ಬರ

ಶೃಂಗೇರಿಯಿಂದ ಸುಮಾರು 10 ಕಿ.ಮೀ. ದೂರದಲ್ಲಿ, ನರಸಿಂಹ ಪರ್ವತದ ಬುಡದಲ್ಲಿ ಕಿಗ್ಗ ಎಂಬ ಊರಿದೆ. ಅಲ್ಲಿರುವುದು ಶ್ರೀ ಋಷ್ಯಶೃಂಗೇಶ್ವರ ಸ್ವಾಮಿಯ ದೇವಸ್ಥಾನ. ಮಳೆ ಬಾರದೇ ಇದ್ದಾಗ ಮಳೆ ಬರಲಿ ಅಂತ, ಮಳೆ ಹೆಚ್ಚಾಗಿ ಬೆಳೆ ಕೊಳೆಯುವಾಗ ಮಳೆ ನಿಲ್ಲಲಿ ಅಂತ ಇಲ್ಲಿ ಪೂಜೆ ಮಾಡಿಸುವುದು ಹಿಂದಿನಿಂದ ಬಂದ ಪದ್ಧತಿ. ಶೃಂಗೇರಿ ಎಂಬ ಹೆಸರು ಬಂದದ್ದೂ ಋಷ್ಯಶೃಂಗಗಿರಿ ಎಂಬುದರಿಂದಲೇ ಎಂದು ಹೇಳುತ್ತಾರೆ.

ಋಷ್ಯಶೃಂಗ ಮುನಿಗಳು ಅಂಗದೇಶಕ್ಕೆ ಹೋಗಿ ಮಳೆ ತರಿಸಿದ ಕಥೆ ಎಲ್ಲರಿಗೂ ಗೊತ್ತು. ಆದರೆ ಅಂಗದೇಶಕ್ಕೆ ಬರ ಯಾಕೆ ಬಂತು ಎಂಬುದನ್ನು ಬಹಳ ಜನ ಮರೆತುಬಿಡುತ್ತಾರೆ. ಮಹಾಭಾರತದ ವನಪರ್ವದಲ್ಲಿ ಆ ಕಾರಣವೂ ಇದೆ. ಅಂಗರಾಜ ರೋಮಪಾದನು ಬ್ರಾಹ್ಮಣರ ವಿಷಯದಲ್ಲಿ ಸುಳ್ಳಾಗಿ ನಡೆದುಕೊಂಡ. ಆಡಿದ ಮಾತಿನಂತೆ ನಡೆಯಲಿಲ್ಲ. ಅವರು ರಾಜ್ಯ ಬಿಟ್ಟು ಹೋದರು, ಇಂದ್ರನು ಮಳೆ ನಿಲ್ಲಿಸಿದ. ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ತಪ್ಪು ಮಾಡಿದ್ದು ರಾಜ. ಆದರೆ ಬಾಯಾರಿದ್ದು ಯಾರು? ಅರಮನೆಯ ಬಾವಿ ಎಲ್ಲಕ್ಕಿಂತ ಕೊನೆಗೆ ಬತ್ತುತ್ತದೆ. ಮೊದಲು ಒಣಗುವುದು ಬಡವನ ಗದ್ದೆ. ಸುಳ್ಳಿನ ವಿಷಯವೇ ಗೊತ್ತಿಲ್ಲದ ರೈತ, ಅವನ ಹೆಂಡತಿ ಮಕ್ಕಳು, ಕೊಟ್ಟಿಗೆಯ ದನಕರು ಎಲ್ಲರೂ ರಾಜನ ಒಂದು ಸುಳ್ಳಿನ ಫಲವನ್ನು ಉಂಡರು. ಇದು ನ್ಯಾಯವೇ?

ನ್ಯಾಯ ಅಲ್ಲ. ಪುರಾಣವೂ ಅದನ್ನು ನ್ಯಾಯ ಅಂತ ಹೇಳಿಲ್ಲ. ಲೋಕ ನಡೆಯುವುದು ಹೀಗೆ ಎಂದು ತೋರಿಸಿದೆ ಅಷ್ಟೇ. ಸಾಮಾನ್ಯ ಮನುಷ್ಯನ ತಪ್ಪು ಅವನ ಮನೆಯನ್ನು ಸುಡುತ್ತದೆ, ಮುಂದಾಳಿನ ತಪ್ಪು ಊರನ್ನು ಸುಡುತ್ತದೆ. ಆದ್ದರಿಂದಲೇ ಮುಂದೆ ನಡೆಯುವವನು ಬೇರೆಯವರಿಗಿಂತ ಹೆಚ್ಚು ಹೆದರಬೇಕು. ತನ್ನ ಕುರ್ಚಿಗಾಗಿ ಅಲ್ಲ, ತನ್ನ ತಪ್ಪಿನ ಲೆಕ್ಕ ಬೇರೆಯವರ ಖಾತೆಗೆ ಹೋಗುತ್ತದಲ್ಲ ಎಂಬ ಹೆದರಿಕೆ.

ರೋಮಪಾದನಲ್ಲಿ ಒಂದು ಗುಣವನ್ನು ಮೆಚ್ಚಬೇಕು. ಬರ ಬಂದಾಗ ಅವನು ಜನರ ಪಾಪ ಅನ್ನಲಿಲ್ಲ, ಮೋಡವನ್ನು ಬೈಯಲಿಲ್ಲ. ತಿಳಿದವರನ್ನು ಕರೆಸಿ ಕೇಳಿದ. ತಪ್ಪು ನಿನ್ನದೇ ಎಂದು ಅವರು ಹೇಳಿದಾಗ ಸಿಟ್ಟಾಗಲಿಲ್ಲ. ಪ್ರಾಯಶ್ಚಿತ್ತ ಮಾಡಿಕೊಂಡು, ಬಿಟ್ಟುಹೋದವರ ಹತ್ತಿರ ತಾನೇ ಹೋಗಿ ಅವರನ್ನು ಸಮಾಧಾನ ಪಡಿಸಿದ. ಋಷ್ಯಶೃಂಗರು ಬಂದದ್ದು, ಮಳೆ ಸುರಿದದ್ದು ಆಮೇಲೆ. ಕ್ರಮವನ್ನು ಗಮನಿಸಬೇಕು. ಮೊದಲು ತಪ್ಪೊಪ್ಪಿಗೆ, ನಂತರ ಮಳೆ. ದೈವ ಮೆಚ್ಚುವ ಮುಂದಾಳಿನ ಮೊದಲ ಲಕ್ಷಣ ಇದೇ. ತಪ್ಪೇ ಮಾಡದವನು ಅಂತ ಅಲ್ಲ. ತಪ್ಪು ತೋರಿಸಿಕೊಟ್ಟವನ ಮಾತನ್ನು ಕೇಳುವವನು.

ಇನ್ನೂ ಒಂದು ಸೂಕ್ಷ್ಮ ಇದೆ. ತಪ್ಪು ಮಾತ್ರ ಅಲ್ಲ, ಒಳ್ಳೆಯ ಕೆಲಸದ ಭಾರವೂ ಯಾರದೋ ತಲೆಯ ಮೇಲೆ ಬೀಳುತ್ತದೆ. ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಅಣೆಕಟ್ಟು ಕಟ್ಟಿದಾಗ ಶಿವಮೊಗ್ಗ, ದಾವಣಗೆರೆ ಕಡೆಯ ಬಯಲಿಗೆ ನೀರಾಯಿತು, ಅಲ್ಲಿ ಭತ್ತ ಬೆಳೆಯಿತು. ಆದರೆ ಅದೇ ನೀರು ನರಸಿಂಹರಾಜಪುರ ಸೀಮೆಯ ಮನೆಗಳನ್ನೂ ಗದ್ದೆಗಳನ್ನೂ ಮುಳುಗಿಸಿತು. ಮುಳುಗಡೆ ಎಂಬ ಶಬ್ದ ಈ ಕಡೆಯ ಹಿರಿಯರ ಬಾಯಲ್ಲಿ ಇವತ್ತಿಗೂ ಬರುತ್ತದೆ. ಅಣೆಕಟ್ಟು ತಪ್ಪು ಎಂದು ಹೇಳುವುದಲ್ಲ. ಬಹಳ ಜನಕ್ಕೆ ಒಳ್ಳೆಯದಾಗುವಾಗ ಕೆಲವರಿಗೆ ಕೆಟ್ಟದ್ದಾದರೆ, ಆ ಕೆಲವರ ಹೆಸರನ್ನು ನೆನಪಿಟ್ಟುಕೊಳ್ಳುವ ಕರ್ತವ್ಯ ಮುಂದಾಳಿನದು. ಬಯಲಿನಲ್ಲಿ ಉಣ್ಣುವವರ ಎಲೆಯ ಮೇಲೆ ಮುಳುಗಿದವರ ಗದ್ದೆಯ ಋಣ ಇದೆ.

ಹೆಡೆ ಇರುವುದು ನೆರಳಿಗೆ

ಶೃಂಗೇರಿಯಲ್ಲಿ ತುಂಗೆಯ ಸ್ನಾನಘಟ್ಟದಲ್ಲಿ ಕಪ್ಪೆ ಶಂಕರ ಎಂಬ ಸ್ಥಳವನ್ನು ಯಾತ್ರಿಕರೆಲ್ಲ ನೋಡಿರುತ್ತಾರೆ. ಆದಿಶಂಕರಾಚಾರ್ಯರು ಇಲ್ಲಿಗೆ ಬಂದಾಗ ಸುಡು ಬಿಸಿಲಿನಲ್ಲಿ ಪ್ರಸವ ವೇದನೆ ಪಡುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆ ಬಿಚ್ಚಿ ನೆರಳು ಮಾಡಿತ್ತಂತೆ. ಹುಟ್ಟುವೈರವೇ ಮರೆತುಹೋಗುವ ಜಾಗ ಇದು ಎಂದು ತಿಳಿದು ಆಚಾರ್ಯರು ಇಲ್ಲಿ ಪೀಠ ಸ್ಥಾಪಿಸಿದರು ಎಂಬುದು ಸ್ಥಳಪುರಾಣ.

ಈ ಕಥೆಯನ್ನು ಸ್ಥಳದ ಮಹಿಮೆ ಅಂತ ಹೇಳಿ ಕೈ ಮುಗಿದು ಮುಂದೆ ಹೋಗುವವರೇ ಹೆಚ್ಚು. ಸ್ವಲ್ಪ ನಿಂತು ಯೋಚಿಸಿದರೆ ಇದರಲ್ಲಿ ರಾಜಧರ್ಮ ಪೂರ್ತಿ ಇದೆ. ಹಾವಿನ ಹತ್ತಿರ ಶಕ್ತಿ ಇತ್ತು. ಕಪ್ಪೆ ಅದರ ಆಹಾರ. ಓಡಲೂ ಆಗದ ಸ್ಥಿತಿಯಲ್ಲಿ ಎದುರಿಗೆ ಬಿದ್ದಿತ್ತು. ನುಂಗಿದ್ದರೆ ಕೇಳುವವರು ಯಾರೂ ಇರಲಿಲ್ಲ. ಹೆದರಿಸಲು ಎತ್ತುವ ಅದೇ ಹೆಡೆಯನ್ನು ಹಾವು ನೆರಳಿಗಾಗಿ ಎತ್ತಿತು. ಅಧಿಕಾರವೂ ಹಾಗೆಯೇ. ಒಂದೇ ಸಹಿ, ಒಂದೇ ಮೊಹರು. ಅದರಿಂದ ವಿಧವೆಯ ಪಿಂಚಣಿ ಮಂಜೂರು ಮಾಡಬಹುದು, ಅದೇ ಮೊಹರಿನಿಂದ ಆಕೆಯನ್ನು ಆರು ತಿಂಗಳು ಅಲೆಸಬಹುದು. ತನ್ನನ್ನು ಎದುರಿಸಲಾಗದವನ ಜೊತೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದರಲ್ಲಿ ಮುಂದಾಳಿನ ಪರೀಕ್ಷೆ ಇರುವುದು. ಸಮಾನರ ಹತ್ತಿರ, ಮೇಲಿನವರ ಹತ್ತಿರ ಎಲ್ಲರೂ ಒಳ್ಳೆಯವರೇ ಬಿಡಿ.

ಪಾದುಕೆಯ ಮುಂದೆ ಲೆಕ್ಕ

ರಾಮಾಯಣದ ಭರತನನ್ನು ನೆನೆಯಿರಿ. ತಾಯಿ ಕೈಕೇಯಿ ರಾಜ್ಯವನ್ನು ಮಗನ ಕೈಗೆ ತಂದು ಕೊಟ್ಟಿದ್ದಳು. ತಂದೆಯ ವರದಿಂದ ಬಂದದ್ದು, ಕಾನೂನಿನ ಪ್ರಕಾರ ತಕರಾರು ಇಲ್ಲ. ಆದರೂ ಭರತ ಅದನ್ನು ತನ್ನದು ಅನ್ನಲಿಲ್ಲ. ಕಾಡಿಗೆ ಹೋಗಿ ಅಣ್ಣನನ್ನು ಬೇಡಿದ. ರಾಮ ಬರುವುದಿಲ್ಲ ಎಂದಾಗ ಪಾದುಕೆಗಳನ್ನು ತಲೆಯ ಮೇಲಿಟ್ಟುಕೊಂಡು ಬಂದು, ಅಯೋಧ್ಯೆಯಲ್ಲಿ ಉಳಿಯದೆ ನಂದಿಗ್ರಾಮದಲ್ಲಿ ನಾರುಮಡಿಯುಟ್ಟು ಹದಿನಾಲ್ಕು ವರ್ಷ ರಾಜ್ಯಭಾರ ಮಾಡಿದ. ಪ್ರತಿಯೊಂದು ಕೆಲಸವನ್ನೂ ಪಾದುಕೆಗೆ ನಿವೇದಿಸಿಯೇ ಮಾಡುತ್ತಿದ್ದ.

ಕೊನೆಯಲ್ಲಿ ನಡೆದದ್ದು ಇನ್ನೂ ದೊಡ್ಡದು. ರಾಮ ಹಿಂತಿರುಗಿದಾಗ ಭರತ ಬರೀ ಕಾಲಿಗೆ ಬಿದ್ದು ಅಳುತ್ತಾ ಕೂರಲಿಲ್ಲ. ಬೊಕ್ಕಸ, ಕಣಜ, ಅರಮನೆ, ಸೈನ್ಯ ಎಲ್ಲವೂ ಹತ್ತು ಪಟ್ಟು ಆಗಿವೆ, ನೋಡಿಕೋ ಎಂದು ಲೆಕ್ಕ ಒಪ್ಪಿಸಿದ. ಪ್ರೀತಿ ಇದ್ದ ಮೇಲೆ ಲೆಕ್ಕ ಯಾಕೆ ಎನ್ನುವವರಿಗೆ ಭರತನೇ ಉತ್ತರ. ಪ್ರೀತಿ ಇದ್ದದ್ದರಿಂದಲೇ ಲೆಕ್ಕ.

ನಮ್ಮ ಮಲೆನಾಡಿನ ಕೂಡು ಕುಟುಂಬಗಳನ್ನು ನೋಡಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಅಡಿಕೆ ಕೊಯ್ಲು ಮುಗಿದು, ಸುಲಿದು ಬೇಯಿಸಿ ಒಣಗಿಸಿ, ಮಂಡಿಗೆ ಹೋಗಿ ದುಡ್ಡು ಬಂದ ಮೇಲೆ ಯಜಮಾನನಾದ ಅಣ್ಣ ತಮ್ಮಂದಿರನ್ನು ಜಗಲಿಯಲ್ಲಿ ಕೂರಿಸಿ, ಇಷ್ಟು ಬಂತು, ಇಷ್ಟು ಖರ್ಚು, ಆಳಿನ ಬಟವಾಡೆ ಇಷ್ಟು, ಇಷ್ಟು ಉಳಿಯಿತು ಅಂತ ಹೇಳಿದ ಮನೆಗಳು ಮೂರು ತಲೆಮಾರು ಒಟ್ಟಿಗೆ ಉಳಿದಿವೆ. "ನಿಮಗ್ಯಾಕೆ ಅದೆಲ್ಲ, ನಾನಿದ್ದೀನಲ್ಲ" ಅಂದ ಮನೆಗಳು ಹಿಸ್ಸೆಯಾಗಿ, ಒಂದೇ ಅಂಗಳಕ್ಕೆ ಎರಡು ಬೇಲಿ ಬಿದ್ದಿವೆ. ಆ ಅಣ್ಣ ಕದ್ದಿರಲಿಕ್ಕಿಲ್ಲ. ಆದರೆ ನೋಡಿಕೊಳ್ಳಲು ಕೊಟ್ಟದ್ದನ್ನು ತನ್ನದು ಎಂದು ತಿಳಿದ. ಹಿರೇತನ ಎಂಬುದು ಇಟ್ಟುಕೊಳ್ಳುವ ಸೊತ್ತಲ್ಲ, ನೋಡಿಕೊಳ್ಳಲು ಕೊಟ್ಟ ಸೊತ್ತು. ಎಲ್ಲ ಲಕ್ಷಣಗಳ ತಾಯಿಬೇರು ಇದು.

ಭೀಷ್ಮರ ಮೌನ

ಮಳೆಗಾಲದಲ್ಲಿ ಈ ಕಡೆಯ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ತಾಳಮದ್ದಳೆ ನಡೆಯುತ್ತದೆ. ಹೊರಗೆ ಜಡಿಮಳೆ, ಒಳಗೆ ಭಾಗವತರ ಹಾಡು, ಅರ್ಥಧಾರಿಗಳ ವಾದ. ಅಲ್ಲಿ ಮತ್ತೆ ಮತ್ತೆ ಚರ್ಚೆಗೆ ಬರುವ ಒಂದು ಪ್ರಶ್ನೆ ಎಂದರೆ ಭೀಷ್ಮರು ಯಾಕೆ ಸುಮ್ಮನಿದ್ದರು ಎಂಬುದು.

ಭೀಷ್ಮಾಚಾರ್ಯರ ತ್ಯಾಗ ಸಣ್ಣದಲ್ಲ. ತಂದೆಯ ಸುಖಕ್ಕಾಗಿ ರಾಜ್ಯ ಬಿಟ್ಟರು, ಮದುವೆ ಬಿಟ್ಟರು. ಶಾಂತಿಪರ್ವದಲ್ಲಿ ಧರ್ಮರಾಯನಿಗೆ ರಾಜಧರ್ಮವನ್ನು ಬೋಧಿಸಿದವರೂ ಅವರೇ. ಅಂಥವರು ಕುಳಿತಿದ್ದ ಸಭೆಯಲ್ಲೇ ದ್ರೌಪದಿಯನ್ನು ಎಳೆದು ತಂದರು. ಆಕೆ ಧರ್ಮದ ಪ್ರಶ್ನೆ ಕೇಳಿದಾಗ ಭೀಷ್ಮರು, ಧರ್ಮ ಬಹಳ ಸೂಕ್ಷ್ಮ, ನಿರ್ಣಯ ಹೇಳಲಾರೆ ಎಂಬ ಅರ್ಥದ ಮಾತಾಡಿ ಕುಳಿತುಬಿಟ್ಟರು. ವಿದುರ ಮಾತಾಡಿದ. ಕೌರವರಲ್ಲೇ ಒಬ್ಬನಾದ ವಿಕರ್ಣ ಎದ್ದು ನಿಂತು ಇದು ಅನ್ಯಾಯ ಎಂದ. ಹಿರಿಯರು ಕುಳಿತೇ ಇದ್ದರು, ಹುಡುಗ ಎದ್ದ.

ಆ ಹೊತ್ತಿನಲ್ಲಿ ಸಭೆಗೆ ಮುಂದಾಳು ಯಾರು? ಸಿಂಹಾಸನದಲ್ಲಿ ಕೂತ ಧೃತರಾಷ್ಟ್ರನೂ ಅಲ್ಲ, ಕುರುವೃದ್ಧರಾದ ಭೀಷ್ಮರೂ ಅಲ್ಲ. ಎದ್ದು ನಿಂತ ವಿಕರ್ಣ. ಅವನ ಮಾತು ನಡೆಯಲಿಲ್ಲ ನಿಜ. ಆದರೆ ಮುಂದಾಳುತನ ಕುರ್ಚಿಯಲ್ಲಿ ಇರುವುದಿಲ್ಲ, ಬೇಕಾದಾಗ ಬಾಯಿ ತೆರೆಯುವುದರಲ್ಲಿ ಇರುತ್ತದೆ ಎಂಬುದು ಅಲ್ಲಿ ತೀರ್ಮಾನವಾಯಿತು. ಭೀಷ್ಮರು ತಮ್ಮ ಪ್ರತಿಜ್ಞೆಯನ್ನು ಉಳಿಸಿಕೊಂಡರು, ಆಶ್ರಯಕ್ಕೆ ಬಂದ ಹೆಣ್ಣುಮಗಳನ್ನು ಉಳಿಸಲಿಲ್ಲ. ಸ್ವಂತಕ್ಕೆ ಶುದ್ಧವಾಗಿರುವುದು ಒಂದು ಗುಣ, ಕೈಕೆಳಗಿನವರನ್ನು ಕಾಪಾಡುವುದು ಇನ್ನೊಂದು ಗುಣ. ಮೊದಲನೆಯದಷ್ಟೇ ಇದ್ದರೆ ಒಳ್ಳೆಯ ಮನುಷ್ಯನಾಗಬಹುದು, ಮುಂದಾಳು ಆಗುವುದಿಲ್ಲ.

ಬೇಡ ಎಂದು ಓಡಬಹುದೇ?

ಇಷ್ಟೆಲ್ಲ ಕೇಳಿದ ಮೇಲೆ, "ಈ ತಾಪತ್ರಯವೇ ಬೇಡಪ್ಪ, ನಾವಾಯಿತು ನಮ್ಮ ಮನೆಯಾಯಿತು" ಅನ್ನಿಸುವುದು ಸಹಜ. ಅರ್ಜುನನಿಗೂ ಹೀಗೇ ಅನ್ನಿಸಿತ್ತು. ಗೀತೆಯ ಮೂರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣ ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು. ದೊಡ್ಡವರು ಹೇಗೆ ನಡೆಯುತ್ತಾರೋ ಜನ ಹಾಗೇ ನಡೆಯುತ್ತಾರೆ. ತನಗೆ ಮೂರು ಲೋಕದಲ್ಲಿ ಆಗಬೇಕಾದ್ದು ಏನೂ ಇಲ್ಲದಿದ್ದರೂ ತಾನೂ ದುಡಿಯುತ್ತೇನೆ, ಇಲ್ಲದಿದ್ದರೆ ಲೋಕ ಕೆಡುತ್ತದೆ. ಲೋಕಸಂಗ್ರಹ ಎಂಬ ದೊಡ್ಡ ಶಬ್ದಕ್ಕೆ ಇದೇ ಅರ್ಥ. ಒಳ್ಳೆಯವರು ಹಿಂದೆ ಸರಿದರೆ ಖಾಲಿ ಜಾಗ ಖಾಲಿಯಾಗಿ ಇರುವುದಿಲ್ಲ. ಬೇರೆಯವರು ಬಂದು ಕೂರುತ್ತಾರೆ.

ಶೃಂಗೇರಿಯ ಚರಿತ್ರೆಯಲ್ಲೇ ಇದಕ್ಕೆ ಸಾಕ್ಷಿ ಇದೆ. ಸಂನ್ಯಾಸಿಗೆ ರಾಜಕಾರ್ಯ ಯಾಕೆ ಎಂದು ಇಲ್ಲಿಯ ಗುರುಗಳು ಬಾಗಿಲು ಹಾಕಿಕೊಳ್ಳಲಿಲ್ಲ. ವಿಜಯನಗರದ ಹರಿಹರ, ಬುಕ್ಕ ಮೊದಲಾದ ಐವರು ಸಹೋದರರು 1346ರಲ್ಲಿ ಶೃಂಗೇರಿಗೆ ಬಂದು ಶ್ರೀ ಭಾರತೀತೀರ್ಥರಿಗೆ ದತ್ತಿ ಕೊಟ್ಟ ಶಾಸನ ಇದೆ. ಗೆದ್ದವರು ಗೆಲುವಿನ ನಂತರ ಏನೂ ಇಲ್ಲದವರ ಮುಂದೆ ಬಂದು ತಲೆ ಬಾಗಿದರು. ರಾಜನಿಗೂ ಒಬ್ಬ ಹೇಳುವವರು, ಕೇಳುವವರು ಬೇಕು ಎಂಬ ತಿಳಿವಳಿಕೆ ಅದು.

1791ರಲ್ಲಿ ಇದಕ್ಕಿಂತ ಕಠಿಣ ಪರೀಕ್ಷೆ ಬಂತು. ಮೈಸೂರಿನ ಮೇಲೆ ಯುದ್ಧ ನಡೆದಾಗ ಮರಾಠಾ ದಂಡಿನ ಕುದುರೆ ಸವಾರರು ಶೃಂಗೇರಿಗೆ ನುಗ್ಗಿ ಮಠವನ್ನು ಲೂಟಿ ಮಾಡಿದರು, ಜನರನ್ನು ಕೊಂದರು, ಶಾರದಾಂಬೆಯ ವಿಗ್ರಹವನ್ನೇ ಕದಲಿಸಿದರು. ಆಗ ಪೀಠದಲ್ಲಿದ್ದ ಮೂರನೆಯ ಶ್ರೀ ಸಚ್ಚಿದಾನಂದ ಭಾರತೀ ಸ್ವಾಮಿಗಳು ಟಿಪ್ಪು ಸುಲ್ತಾನನಿಗೆ ಪತ್ರ ಬರೆದರು. ಟಿಪ್ಪು ಮರುಪತ್ರ ಬರೆದು, ದೇವಿಯ ಪುನಃಪ್ರತಿಷ್ಠೆಗೆ ಹಣ, ಧಾನ್ಯ ಕೊಡುವಂತೆ ನಗರದ ಅಧಿಕಾರಿಗೆ ಅಪ್ಪಣೆ ಮಾಡಿದ. ಈ ಪತ್ರಗಳನ್ನು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡು ಬೆಳಕಿಗೆ ತಂದರು. ಟಿಪ್ಪುವಿನ ವಿಷಯದಲ್ಲಿ ಜನರಲ್ಲಿ ನಾನಾ ಅಭಿಪ್ರಾಯ ಇದೆ, ಅದು ಬೇರೆ ಮಾತು. ಇಲ್ಲಿ ನೋಡಬೇಕಾದದ್ದು ಗುರುಗಳ ನಡೆ. ಲೂಟಿ ಮಾಡಿದವರು ದೇವಿಗೆ ಕೈ ಮುಗಿಯುವ ಮತದವರು. ಸಹಾಯ ಸಿಕ್ಕಿದ್ದು ಬೇರೆ ಮತದ ದೊರೆಯಿಂದ. ಸ್ವಾಮಿಗಳು ಯಾರು ಯಾವ ಕಡೆಯವರು ಎಂದು ನೋಡಲಿಲ್ಲ. ದೇವಿ ಮತ್ತೆ ಪೀಠದಲ್ಲಿ ನಿಲ್ಲಬೇಕು, ಜನರಿಗೆ ಧೈರ್ಯ ಬರಬೇಕು, ಇಷ್ಟೇ ನೋಡಿದರು. ತನ್ನ ಮಾನಕ್ಕಿಂತ ಒಪ್ಪಿಸಿಕೊಂಡ ಕೆಲಸ ದೊಡ್ಡದು ಎಂದು ತಿಳಿದವರಿಗೆ ಮಾತ್ರ ಹೀಗೆ ಕೇಳಲು ಸಾಧ್ಯ.

ಗೆದ್ದು ಬಿಟ್ಟವನು, ಕಾಲು ತೊಳೆದವರು

ನರಸಿಂಹರಾಜಪುರಕ್ಕೆ ಹೋದರೆ ಅಲ್ಲಿ ಸಿಂಹನಗದ್ದೆ ಬಸ್ತಿ ಇದೆ, ಜ್ವಾಲಾಮಾಲಿನಿ ಅಮ್ಮನವರ ಸನ್ನಿಧಿ. ಜೈನ ಪುರಾಣದಲ್ಲೂ ಒಬ್ಬ ಭರತ ಬರುತ್ತಾನೆ. ಪಂಪನ ಆದಿಪುರಾಣದಲ್ಲಿ ಈ ಕಥೆ ಇದೆ. ರಾಮಾಯಣದ ಭರತ ಅಣ್ಣನ ರಾಜ್ಯ ಬೇಡ ಎಂದವನು, ಈ ಭರತ ತಮ್ಮಂದಿರ ರಾಜ್ಯವೂ ತನಗೆ ಬೇಕು ಎಂದವನು. ತಮ್ಮ ಬಾಹುಬಲಿ ಅವನನ್ನು ಕಾಳಗದಲ್ಲಿ ಸೋಲಿಸಿದ. ಗೆದ್ದ ಆ ಗಳಿಗೆಯಲ್ಲೇ, ಇದಕ್ಕಾಗಿ ಅಣ್ಣನ ಮೇಲೆ ಕೈ ಎತ್ತಿದೆನೇ ಎಂಬ ನಾಚಿಕೆ ಬಂದು ಎಲ್ಲವನ್ನೂ ಬಿಟ್ಟು ತಪಸ್ಸಿಗೆ ನಿಂತ. ಸೋತವನು ಬಿಡುವುದು ದೊಡ್ಡದಲ್ಲ, ಗೆದ್ದವನು ಬಿಡುವುದು ದೊಡ್ಡದು. ಜೈನ ಬಂಧುಗಳು ದಶಲಕ್ಷಣ ಪರ್ವ ಮುಗಿದ ಮೇಲೆ ಹಿರಿಯರು ಕಿರಿಯರು ಎನ್ನದೆ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಮನೆಯ ಯಜಮಾನ ವರ್ಷಕ್ಕೆ ಒಂದು ದಿನ ಮಕ್ಕಳ ಹತ್ತಿರ ಕ್ಷಮೆ ಕೇಳಿದರೆ ಅವನ ಮರ್ಯಾದೆ ಕಡಿಮೆಯಾಗುತ್ತದೆಯೇ? ಹೆಚ್ಚುತ್ತದೆ.

ಅದೇ ಸೀಮೆಯಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಬಂಧುಗಳ ಚರ್ಚುಗಳಿವೆ. ಏಸುಸ್ವಾಮಿ ತನ್ನ ಕಡೆಯ ಊಟದ ರಾತ್ರಿ ಶಿಷ್ಯರ ಕಾಲು ತೊಳೆದ ಕಥೆ ಬೈಬಲ್ಲಿನಲ್ಲಿದೆ. ಅದರ ನೆನಪಿಗೆ ಈಸ್ಟರ್‌ಗೆ ಮುಂಚಿನ ಗುರುವಾರ ಪಾದ್ರಿಗಳು ಭಕ್ತರ ಕಾಲು ತೊಳೆಯುತ್ತಾರೆ. ನಮ್ಮ ಮಹಾಭಾರತದಲ್ಲೂ ಧರ್ಮರಾಯನ ರಾಜಸೂಯ ಯಾಗದಲ್ಲಿ ಶ್ರೀಕೃಷ್ಣ ಆರಿಸಿಕೊಂಡ ಕೆಲಸ ಬಂದ ಬ್ರಾಹ್ಮಣರ ಪಾದ ತೊಳೆಯುವುದು. ಅದೇ ಯಾಗದಲ್ಲಿ ಅಗ್ರಪೂಜೆ ಸಂದದ್ದೂ ಅವನಿಗೇ. ಊರು ಬೇರೆ, ಭಾಷೆ ಬೇರೆ, ದೇವರ ಹೆಸರು ಬೇರೆ. ಆದರೆ ದೊಡ್ಡವನು ಬಗ್ಗಬೇಕು ಎಂಬ ಮಾತು ಎಲ್ಲ ಕಡೆಯೂ ಒಂದೇ.

ಶಿಫಾರಸು ನಡೆಯದ ದಿನಗಳು

ಇದೆಲ್ಲ ಪುರಾಣದ ಮಾತಾಯಿತು, ಈಗಿನ ಕಾಲಕ್ಕೆ ನಡೆಯುತ್ತದೆಯೇ ಎಂದು ಕೇಳಬಹುದು. ಈ ಮೂರು ತಾಲ್ಲೂಕುಗಳು ಶೃಂಗೇರಿ ವಿಧಾನಸಭಾ ಕ್ಷೇತ್ರಕ್ಕೆ ಸೇರಿವೆ. ಈ ಕ್ಷೇತ್ರದಿಂದ ಆರಿಸಿ ಹೋದವರಲ್ಲಿ ಕೊಪ್ಪದ ಎಚ್.ಜಿ. ಗೋವಿಂದೇಗೌಡರು ಒಬ್ಬರು. 1994ರ ಚುನಾವಣೆಯ ನಂತರ ಬಂದ ಸರ್ಕಾರದಲ್ಲಿ ಶಿಕ್ಷಣ ಮಂತ್ರಿಯಾದರು. ಅವರ ಕಾಲದಲ್ಲಿ ಸರ್ಕಾರಿ ಶಾಲೆಗಳಿಗೆ ಬಹಳ ದೊಡ್ಡ ಸಂಖ್ಯೆಯಲ್ಲಿ ಶಿಕ್ಷಕರ ನೇಮಕಾತಿ ಆಯಿತು. ಲಂಚ ಇಲ್ಲ, ಶಿಫಾರಸು ಇಲ್ಲ, ಅರ್ಹತೆಯಷ್ಟೇ ಲೆಕ್ಕ. ಕೂಲಿಯವರ ಮಕ್ಕಳು, ಯಾರ ಪರಿಚಯವೂ ಇಲ್ಲದ ಹಳ್ಳಿಯ ಹುಡುಗಿಯರು ಮೇಷ್ಟ್ರು, ಟೀಚರ್ ಆದರು. 2016ರಲ್ಲಿ ಗೌಡರು ತೀರಿಕೊಂಡಾಗ ಅವರನ್ನು ಮನೆಯ ಹಿರಿಯರಂತೆ ನೆನೆದವರಲ್ಲಿ ಅಂಥ ಶಿಕ್ಷಕರು ಬಹಳ ಮಂದಿ.

ಯೋಚಿಸಿ ನೋಡಿ. ಮಂತ್ರಿಯ ಕೈಯಲ್ಲಿ ಸಾವಿರಾರು ನೌಕರಿ. ಸ್ವಂತ ಊರಿನವರು, ನೆಂಟರು, ಚುನಾವಣೆಯಲ್ಲಿ ದುಡಿದವರು ಎಲ್ಲರೂ ಆಸೆಯಿಂದ ಬರುತ್ತಾರೆ. ಅಂಥ ಹೊತ್ತಿನಲ್ಲಿ ಹತ್ತಿರದವರಿಗೆ ಇಲ್ಲ ಎನ್ನುವುದು ಶತ್ರುವಿನ ಜೊತೆ ಹೋರಾಡುವುದಕ್ಕಿಂತ ಕಷ್ಟ. ಮುಖ ಗೊತ್ತಿರುವವರಿಗೆ ಇಲ್ಲ ಎಂದರೆ ಮಾತ್ರ ಮುಖವೇ ಗೊತ್ತಿಲ್ಲದವರಿಗೆ ನ್ಯಾಯ ಸಿಗುತ್ತದೆ. ಪಾದುಕೆ ಕಣ್ಣಿಗೆ ಕಾಣುವಂತೆ ಪೀಠದ ಮೇಲಿರಲೇಬೇಕು ಎಂದೇನಿಲ್ಲ. ಈ ಹುದ್ದೆ ನನ್ನದಲ್ಲ ಎಂಬ ನೆನಪಿದ್ದರೆ ವಿಧಾನಸೌಧವೂ ನಂದಿಗ್ರಾಮವೇ.

ಹನ್ನೆರಡು ಕಂಬ

ಕೊನೆಯ ಲಕ್ಷಣ ಬಿಟ್ಟುಕೊಡುವುದು. ಬರುವುದನ್ನು ಎಲ್ಲರೂ ಕಲಿಯುತ್ತಾರೆ, ಹೋಗುವುದನ್ನು ಕಲಿಯುವವರು ಕಡಿಮೆ. ಶೃಂಗೇರಿ ಪೀಠದಲ್ಲಿ ಗುರುಗಳು ತಾವು ಇರುವಾಗಲೇ ಶಿಷ್ಯ ಸ್ವೀಕಾರ ಮಾಡಿ, ಮುಂದಿನವರನ್ನು ತಾವೇ ತಿದ್ದಿ ತಯಾರು ಮಾಡುತ್ತಾರೆ. ಶ್ರೀ ಚಂದ್ರಶೇಖರ ಭಾರತೀ ಸ್ವಾಮಿಗಳು 1931ರಲ್ಲಿ ಶ್ರೀ ಅಭಿನವ ವಿದ್ಯಾತೀರ್ಥರನ್ನು ಶಿಷ್ಯರನ್ನಾಗಿ ಸ್ವೀಕರಿಸಿದರು. ತಾವು ಅಂತರ್ಮುಖರಾಗಿ ತಪಸ್ಸಿನಲ್ಲಿ ಇದ್ದು, 1954ರಲ್ಲಿ ವಿದೇಹ ಮುಕ್ತಿ ಪಡೆದರು. ಶ್ರೀ ಅಭಿನವ ವಿದ್ಯಾತೀರ್ಥರು 1974ರಲ್ಲಿ ಶ್ರೀ ಭಾರತೀತೀರ್ಥ ಮಹಾಸ್ವಾಮಿಗಳನ್ನು, ಅವರು 2015ರಲ್ಲಿ ಶ್ರೀ ವಿಧುಶೇಖರ ಭಾರತೀ ಸ್ವಾಮಿಗಳನ್ನು ಶಿಷ್ಯರನ್ನಾಗಿ ಸ್ವೀಕರಿಸಿದರು. ನನ್ನ ನಂತರ ಏನಾದರಾಗಲಿ ಎನ್ನುವವನು ಸೊತ್ತಿನ ಮಾಲೀಕ. ನನ್ನ ನಂತರವೂ ನಡೆಯಬೇಕು ಎನ್ನುವವನು ಸೊತ್ತಿನ ಸೇವಕ.

ಶ್ರೀ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಕಂಬಗಳಿವೆ. ಸೂರ್ಯ ಯಾವ ರಾಶಿಯಲ್ಲಿರುವನೋ ಆ ತಿಂಗಳು ಆ ಕಂಬದ ಮೇಲೆ ಬೆಳಗಿನ ಬಿಸಿಲು ಬೀಳುತ್ತದೆ ಎಂದು ಹೇಳುತ್ತಾರೆ. ಬೆಳಕು ಬೀಳುವುದು ತಿಂಗಳಿಗೆ ಒಂದೇ ಕಂಬದ ಮೇಲೆ. ಆದರೆ ಭಾರ ಹೊರುವುದು ಹನ್ನೆರಡೂ ಕಂಬಗಳು, ಹನ್ನೆರಡೂ ತಿಂಗಳು. ತನ್ನ ಮೇಲೆ ಬಿಸಿಲು ಬಿದ್ದಾಗ ಉಳಿದ ಹನ್ನೊಂದನ್ನು ಮರೆಯದವನು, ಬಿಸಿಲು ಪಕ್ಕದ ಕಂಬಕ್ಕೆ ಸರಿದಾಗ ಭಾರವನ್ನು ಕೆಳಗಿಳಿಸದವನು, ಅವನೇ ದೈವ ಮೆಚ್ಚುವ ಮುಂದಾಳು.

ಭಕ್ತಾದಿಗಳೇ, ಇದು ರಾಜರಿಗೆ, ಮಂತ್ರಿಗಳಿಗೆ, ಸ್ವಾಮಿಗಳಿಗೆ ಮಾತ್ರ ಹೇಳಿದ ಮಾತಲ್ಲ. ಅಡುಗೆ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆಯ ತಳ ನೋಡುವ ತಾಯಿ, ಇಬ್ಬರು ಆಳುಗಳಿಗೆ ಕೂಲಿ ಕೊಡುವ ಸಣ್ಣ ಹಿಡುವಳಿದಾರ, ತರಗತಿಯ ಲೀಡರ್ ಆದ ಹುಡುಗ, ಎಲ್ಲರ ಹಿಂದೆಯೂ ಯಾರೋ ಒಬ್ಬರು ನಡೆದು ಬರುತ್ತಿರುತ್ತಾರೆ. ಧರ್ಮರಾಯ ಸ್ವರ್ಗದ ಬಾಗಿಲಿಗೆ ಹೋದಾಗ ಅವನ ಹಿಂದೆ ಉಳಿದದ್ದು ಒಂದು ನಾಯಿ ಮಾತ್ರ. ಜೂಜಿನಲ್ಲಿ ರಾಜ್ಯವನ್ನೂ ತಮ್ಮಂದಿರನ್ನೂ ಹೆಂಡತಿಯನ್ನೂ ಪಣಕ್ಕಿಟ್ಟು ಸೋತವನು ಅವನು. ಆ ತಪ್ಪಿನಿಂದ ಕಲಿತಿದ್ದ. ನಾಯಿಯನ್ನು ಬಿಟ್ಟು ಒಳಗೆ ಬಾ ಎಂದಾಗ, ನಂಬಿ ಬಂದದ್ದನ್ನು ಬಿಟ್ಟು ಬರುವ ಸ್ವರ್ಗ ಬೇಡ ಎಂದ. ನಾಯಿಯ ರೂಪದಲ್ಲಿ ಬಂದಿದ್ದವನು ಯಮಧರ್ಮ. ಒಮ್ಮೆ ಎಲ್ಲವನ್ನೂ ಸೋತವನಿಗೂ ತಿದ್ದಿಕೊಳ್ಳಲು ಕಾಲ ಮೀರಿರಲಿಲ್ಲ.

ಇವತ್ತು ಬೆಟ್ಟ ಇಳಿಯುವಾಗ ಒಂದು ಸಲ ತಿರುಗಿ ನೋಡಿ. ಹಿಂದೆ ಯಾರು ಬರುತ್ತಿದ್ದಾರೆ, ಯಾರ ಕಾಲು ನೋಯುತ್ತಿದೆ, ಯಾರ ಕೈಯಲ್ಲಿ ಭಾರ ಹೆಚ್ಚಾಗಿದೆ ಎಂದು ನೋಡಿ. ಮಳೆಗಾಲವಾದರೆ ಮೆಟ್ಟಿಲು ಪಾಚಿಗಟ್ಟಿ ಜಾರುತ್ತದೆ, ಕೈ ಕೊಡಿ. ಶ್ರೀ ಸ್ವಾಮಿಯ ಪ್ರಸಾದ ಮನೆಯವರೆಗೂ ನಿಮ್ಮ ಜೊತೆಗೆ ಬರಲಿ.

ಸರ್ವರಿಗೂ ಶುಭವಾಗಲಿ.